ಕೆರೆ ದಡಕ್ಕೆ ಕಾಂಕ್ರೀಟ್ ಗೋಡೆಯಾ, ಕಲ್ಲು ಕಟ್ಟಣೆಯಾ, ಮಣ್ಣೇ ಇರಲಾ? ನೀರೊಳಗಿನ ಜೀವಗಳ ಲೆಕ್ಕದಲ್ಲಿ ಹೇಳಿ

ಕೆರೆಬದಿ_ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನ–ಬೇಲೂರು ಮಧ್ಯದ ಒಂದು ಹಳ್ಳಿ ನಮ್ಮದು. ಊರ ಕೆರೆಗೆ ಈ ಸಲ ಅಭಿವೃದ್ಧಿ ಕೆಲಸ ಮಂಜೂರಾಗಿದೆ. ಹೂಳು ತೆಗೆಯುತ್ತಾರೆ, ತೂಬು ದುರಸ್ತಿ ಮಾಡುತ್ತಾರೆ, ಏರಿ ಭದ್ರ ಮಾಡುತ್ತಾರೆ. ಇದಕ್ಕೆಲ್ಲ ಯಾರದೂ ತಕರಾರಿಲ್ಲ. ಆದರೆ ಅಂದಾಜು ಪಟ್ಟಿಯಲ್ಲಿ ಕೆರೆಯ ನಾಲ್ಕೂ ಕಡೆ ನೆಟ್ಟಗೆ ನಿಲ್ಲುವ ಕಾಂಕ್ರೀಟ್ ತಡೆಗೋಡೆ ಇದೆ. ಅದರ ಮೇಲೆ ಟೈಲ್ಸ್ ಹಾಕಿದ ವಾಕಿಂಗ್ ದಾರಿ.

ಪಕ್ಕದ ಊರಿನ ಕೆರೆಗೆ ಹೀಗೇ ಮಾಡಿದರು. ನೋಡಲು ಚೆನ್ನಾಗಿದೆ, ಸಂಜೆ ಜನ ಓಡಾಡುತ್ತಾರೆ. ಆದರೆ ಮಳೆ ಬಿದ್ದ ರಾತ್ರಿ ಅಲ್ಲಿ ಮೊದಲಿನಷ್ಟು ಕಪ್ಪೆ ಕೂಗುವುದಿಲ್ಲ. ದಡದಲ್ಲಿ ಸಿಗುತ್ತಿದ್ದ ಸಸಲು ಮೀನೂ ಕಡಿಮೆಯಾಗಿದೆ. ಇದಕ್ಕೂ ಗೋಡೆಗೂ ನಿಜವಾಗಿ ಸಂಬಂಧ ಇದೆಯಾ? ದಡಕ್ಕೆ ಯಾವ ಸಾಮಗ್ರಿ ಹಾಕುತ್ತೇವೆ ಅನ್ನುವುದರಿಂದ ನೀರೊಳಗೆ ಏನು ಬದಲಾಗುತ್ತದೆ? ಗ್ರಾಮಸಭೆ ಹತ್ತಿರ ಬಂದಿದೆ. ಸುಮ್ನೆ ಬೇಡ ಅಂದರೆ ಯಾರೂ ಕೇಳುವುದಿಲ್ಲ, ಕಾರಣ ಬೇಕು. ಗೊತ್ತಿರುವವರು ಬಿಡಿಸಿ ಹೇಳಿ.

ಬಲೆಬುಟ್ಟಿ

ಅಣ್ಣ, ನಾನು ಮೀನುಗಾರರ ಸಹಕಾರ ಸಂಘದಲ್ಲಿ ಇರುವವನು. ನಮ್ಮ ಸಂಘ ಹಿಡಿದಿರುವ ಕೆರೆಗಳಲ್ಲಿ ಗೋಡೆ ಕಟ್ಟಿದ್ದೂ ಇದೆ, ಕಟ್ಟದೇ ಇರುವುದೂ ಇದೆ. ಕಾಟ್ಲಾ, ರೋಹು ಎರಡೂ ಕಡೆ ಬರುತ್ತಿದೆ. ಗೋಡೆ ಕಟ್ಟಿದ ಮೇಲೆ ತೂಕ ಇಳಿದಿದೆ ಅಂತ ಹೇಳಲು ಆಗುವುದಿಲ್ಲ. ಬಲೆ ಎಳೆಯಲು, ಗಾಡಿ ನಿಲ್ಲಿಸಲು ಗೋಡೆ ಇದ್ದರೆ ಅನುಕೂಲವೇ. ಹಾಗಾಗಿ ಮೀನಿಗೆ ತೊಂದರೆ ಅನ್ನುವ ಮಾತು ಪೂರ್ತಿ ಒಪ್ಪುವುದು ಕಷ್ಟ.

ಜೀವಶಾಸ್ತ್ರ_ಮೇಷ್ಟ್ರು

ಬಲೆಬುಟ್ಟಿಯವರು ಹೇಳಿದ್ದು ಸರಿ, ಈ ವಿಷಯದ ತಿರುಳು ಅದರಲ್ಲೇ ಇದೆ.

ಕಾಟ್ಲಾ, ರೋಹು, ಮೃಗಾಲ್ ಹರಿಯುವ ಹೊಳೆಯ ಮೀನುಗಳು. ನಿಂತ ಕೆರೆ ನೀರಿನಲ್ಲಿ ಅವು ತಾವಾಗಿ ಮರಿ ಮಾಡುವುದಿಲ್ಲ. ಪ್ರತಿ ವರ್ಷ ನೀವು ಬಿತ್ತನೆ ಮರಿ ತಂದು ಬಿಡುತ್ತೀರಿ, ಅವು ನಡುನೀರಿನಲ್ಲಿ ಬೆಳೆಯುತ್ತವೆ, ನೀವು ಹಿಡಿಯುತ್ತೀರಿ. ಅವಕ್ಕೆ ಮೊಟ್ಟೆ ಇಡಲು ದಡ ಬೇಕಾಗಿಲ್ಲ. ಹಾಗಾಗಿ ದಡ ಹಾಳಾದರೂ ಸಂಘದ ತೂಕದ ಪುಸ್ತಕದಲ್ಲಿ ಅದು ಕಾಣುವುದಿಲ್ಲ. ಬಿತ್ತನೆ ಮೀನು ಬರುತ್ತಿದೆ ಅಂದರೆ ಕೆರೆಯಲ್ಲಿ ಎಲ್ಲ ಸರಿ ಇದೆ ಅಂತ ನಾವು ತಿಳಿದುಕೊಳ್ಳುತ್ತೇವೆ. ತಾನಾಗಿ ಹುಟ್ಟಿ ಬೆಳೆಯುವ ಮೀನು ಏನಾಯಿತು ಅಂತ ಕೇಳುವವರೇ ಇಲ್ಲ.

ಕೊರವ ಮೀನು ತಗೊಳ್ಳಿ. ಅದು ದಡದ ಕಡೆ, ಆಳವಿಲ್ಲದ ನೀರಿನಲ್ಲಿ, ಹುಲ್ಲು ಜೊಂಡನ್ನು ಸರಿಸಿ ಜಾಗ ಮಾಡಿಕೊಂಡು ಮೊಟ್ಟೆ ಇಡುತ್ತದೆ. ಮೊಟ್ಟೆ ನೀರಿನ ಮೇಲೆ ತೇಲುತ್ತವೆ. ತಂದೆತಾಯಿ ಎರಡೂ ಅಲ್ಲೇ ಕಾಯುತ್ತವೆ. ಕೆಂಪಗಿನ ಸಣ್ಣ ಮರಿಗಳು ಗುಂಪಾಗಿ ಓಡಾಡುವುದನ್ನು ಕೆರೆ ಪಕ್ಕ ಬೆಳೆದವರೆಲ್ಲ ನೋಡಿರುತ್ತೀರಿ. ಗೋಡೆ ಎಬ್ಬಿಸಿ ಅದರ ಬುಡದಲ್ಲೇ ಆಳ ಮಾಡಿದರೆ ಆ ಜಾಗವೇ ಹೋಯಿತು. ಸಾಮಾನ್ಯ ಗೆಂಡೆ ಕೆರೆಯಲ್ಲೇ ಮರಿ ಮಾಡುತ್ತದೆ, ಆದರೆ ಅದರ ಮೊಟ್ಟೆ ಅಂಟು ಮೊಟ್ಟೆ. ಗಿಡದ ಎಲೆಗೋ ಬೇರಿಗೋ ಅಂಟಿಕೊಳ್ಳಬೇಕು.

ಮೀನಿನಾಚೆಗೂ ನೋಡಿ. ನಮ್ಮ ಕೆರೆಗಳ ದಪ್ಪ ಬಸವನಹುಳು ನೀರಿನಿಂದ ಮೇಲೆ ಬಂದು ದಡದ ಹಸಿ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಬಾಯ್ಕಳಕ ಕೊಕ್ಕರೆಯ ಮುಖ್ಯ ಊಟ ಅದೇ ಹುಳು. ಆಮೆ ದಡ ಹತ್ತಿ ಮಣ್ಣು ಕೆದಕಿ ಮೊಟ್ಟೆ ಹೂಳುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ ತಿಂಗಳುಗಟ್ಟಲೆ ನೀರೊಳಗೆ ಬೆಳೆಯುತ್ತದೆ. ಕೊನೆಗೆ ಜೊಂಡಿನ ಕಡ್ಡಿಯನ್ನೋ ಒರಟು ಕಲ್ಲನ್ನೋ ಹತ್ತಿ, ಪೊರೆ ಬಿಟ್ಟು ಹಾರುತ್ತದೆ. ಆ ಮರಿಗಳು ಸೊಳ್ಳೆ ಹುಳ ತಿನ್ನುತ್ತವೆ ಅನ್ನುವುದನ್ನು ಗ್ರಾಮಸಭೆಯಲ್ಲಿ ತಪ್ಪದೇ ಹೇಳಿ.

ಸಿವಿಲ್_ನಿವೃತ್ತ

ನೀರಾವರಿ ಕೆಲಸದಲ್ಲಿ ಇದ್ದವನು. ಇಲ್ಲಿ ಒಂದು ವಿಷಯ ಬೇರೆ ಮಾಡಿಕೊಳ್ಳಬೇಕು. ಏರಿ ಬೇರೆ, ಉಳಿದ ಮೂರು ಕಡೆಯ ದಡ ಬೇರೆ. ಇವೆರಡನ್ನೂ ಒಂದೇ ಅಂತ ನೋಡುವುದರಿಂದಲೇ ಈ ಗೊಂದಲ.

ಏರಿ ಮನುಷ್ಯ ಕಟ್ಟಿದ ಮಣ್ಣಿನ ಒಡ್ಡು. ಅಲೆ ಹೊಡೆದು ಹೊಡೆದು ಒಳಮೈ ಕೊರೆಯುತ್ತದೆ. ಅಲ್ಲಿ ಕಲ್ಲು ಬೇಕೇ ಬೇಕು. ಅದನ್ನು ಮಣ್ಣಾಗಿ ಬಿಡಿ ಅಂತ ಯಾರೂ ಹೇಳಬಾರದು. ಆದರೆ ಯಾವ ರೀತಿಯ ಕಲ್ಲು? ಹಳೆಯ ಪದ್ಧತಿ ಅಂದರೆ ಇಳಿಜಾರಿನ ಮೇಲೆ ಕಾಡುಗಲ್ಲನ್ನು ಗಾರೆಯಿಲ್ಲದೆ ಒತ್ತಾಗಿ ಜೋಡಿಸುವುದು, ಸಂದಿಗೆ ಚಿಪ್ಪುಕಲ್ಲು ಬಡಿಯುವುದು, ಕೆಳಗೆ ಜಲ್ಲಿ ಮರಳಿನ ಹಾಸು. ಇದಕ್ಕೆ ಈಗಲೂ ಭಾರತೀಯ ಮಾನಕ ಇದೆ, ಐಎಸ್ 8237.

ಸಿಮೆಂಟ್ ಹಾಕದಿರುವುದಕ್ಕೆ ಬಲವಾದ ಕಾರಣ ಇದೆ. ತೂಬು ಎತ್ತಿ ನೀರು ಬೇಗ ಇಳಿಸಿದಾಗ ಏರಿಯ ಮಣ್ಣಿನಲ್ಲಿ ಹಿಡಿದ ನೀರು ಅಷ್ಟೇ ಬೇಗ ಇಳಿಯುವುದಿಲ್ಲ. ಅದು ಹೊರಗೆ ತಳ್ಳುತ್ತದೆ. ಬಿಡಿ ಕಲ್ಲಿನ ಸಂದಿಯಲ್ಲಿ ನೀರು ಸೋರಿ ಹೋಗುತ್ತದೆ, ಮರಳು ಜಲ್ಲಿ ಮಣ್ಣನ್ನು ತಡೆಯುತ್ತದೆ. ಕಾಂಕ್ರೀಟ್ ಮುಚ್ಚಿದರೆ ನೀರು ಹೋಗಲು ತೂತು ಬಿಡಬೇಕು. ಹೂಳು ಕಟ್ಟಿ ಆ ತೂತು ಮುಚ್ಚಿಹೋದರೆ ಗೋಡೆ ಹೊಟ್ಟೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಅಂದರೆ ಏರಿಯ ಆರೋಗ್ಯಕ್ಕೂ ಮೀನು ಮರಿಯ ಆರೋಗ್ಯಕ್ಕೂ ಬೇಕಾಗಿರುವುದು ಒಂದೇ, ಆ ಸಂದಿ.

ಉಳಿದ ಮೂರು ಕಡೆ ನೆಲ ತಾನಾಗಿ ಏರುತ್ತಾ ಹೋಗುತ್ತದೆ. ಅಲ್ಲಿ ಗೋಡೆ ಯಾವ ನೀರನ್ನೂ ತಡೆಹಿಡಿಯುತ್ತಿಲ್ಲ. ಅದು ಬರೀ ಅಂದಕ್ಕೆ. ಅಂಥ ಕಡೆ ಕಾಂಕ್ರೀಟ್ ಸುರಿಯುವುದು ದುಡ್ಡಿನ ದಂಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕಡೂರು_ಬಯಲು

ಸರ್, ನೀವು ಹೇಳಿದ ಕಲ್ಲು ಸಂದಿ ಮಾತು ನೂರಕ್ಕೆ ನೂರು ನಿಜ. ಚಿಕ್ಕವರಿದ್ದಾಗ ಏರಿ ಕಲ್ಲಿನ ಸಂದಿಗೆ ಕೈ ಹಾಕಿ ಏಡಿ ಹಿಡಿಯುತ್ತಿದ್ದೆವು. ಸೀಗಡಿ, ಚೇಳು ಮೀನು ಎಲ್ಲ ಅಲ್ಲೇ ಅಡಗುತ್ತಿದ್ದವು. ನಮ್ಮ ಕಡೆ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯನ್ನು ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ದುರಸ್ತಿ ಮಾಡಿದರು ಅನ್ನುತ್ತಾರೆ. ಹಳೇಬೀಡಿನ ದ್ವಾರಸಮುದ್ರವೂ ಶತಮಾನಗಳಷ್ಟು ಹಳೆಯ ಕೆರೆ. ಸಿಮೆಂಟ್ ಅನ್ನುವುದೇ ಇಲ್ಲದ ಕಾಲದವು ಇವು, ಇವತ್ತಿಗೂ ನೀರು ನಿಲ್ಲುತ್ತಿದೆ.

ಹೊಸಬ_ಚಿಕ್ಕಮಗಳೂರು

ಒಂದು ಸಂದೇಹ. ಕಾಂಕ್ರೀಟೂ ಕಲ್ಲಿನ ಹಾಗೆ ಗಟ್ಟಿ ವಸ್ತುವೇ ಅಲ್ವಾ? ಅದರ ಮೇಲೂ ಪಾಚಿ ಬೆಳೆಯುತ್ತದೆ, ಮೀನು ಅದನ್ನು ತಿನ್ನುವುದನ್ನು ನೋಡಿದ್ದೇನೆ. ವ್ಯತ್ಯಾಸ ಏನು?

ಜೀವಶಾಸ್ತ್ರ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಪಾಚಿ ಬೆಳೆಯುತ್ತದೆ, ನಿಜ. ವ್ಯತ್ಯಾಸ ಮೂರು ಕಡೆ ಬರುತ್ತದೆ.

ಮೊದಲನೆಯದು ಸುಣ್ಣ. ಹೊಸ ಕಾಂಕ್ರೀಟಿನೊಳಗೆ ಇರುವ ನೀರಿನ ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ) 12ಕ್ಕಿಂತ ಜಾಸ್ತಿ. ಮೀನಿಗೆ ಹಿತವಾದದ್ದು ಸುಮಾರು 6.5ರಿಂದ 9. ಹಸಿ ಕಾಂಕ್ರೀಟಿಗೆ ನೀರು ತಾಗಿದರೆ ಸುಣ್ಣ ಕರಗಿ ಬರುತ್ತದೆ. ದೊಡ್ಡ ಕೆರೆ ತುಂಬಿದ್ದರೆ ಅದು ಬೆರೆತು ಹೋಗುತ್ತದೆ. ಆದರೆ ನಾವು ಕೆಲಸ ಮಾಡುವುದೇ ಬೇಸಿಗೆಯಲ್ಲಿ. ನಡುವೆ ಒಂದಿಷ್ಟು ನೀರು ಉಳಿದಿರುತ್ತದೆ, ಉಳಿದ ಮೀನೆಲ್ಲ ಅಲ್ಲೇ ಸೇರಿರುತ್ತವೆ. ಅದೇ ನೀರಿಗೆ ಮಿಕ್ಸರ್ ತೊಳೆದ ನೀರು ಬಿಡುತ್ತಾರೆ.

ಪಿಎಚ್ ಏರಿದರೆ ಇನ್ನೊಂದು ಅಪಾಯ ಜೊತೆಗೆ ಬರುತ್ತದೆ. ಕೊಳಚೆ ಸೇರುವ ಕೆರೆ ನೀರಿನಲ್ಲಿ ಅಮೋನಿಯಾ ಇದ್ದೇ ಇರುತ್ತದೆ. ಅದರಲ್ಲಿ ಮೀನನ್ನು ಕೊಲ್ಲುವ ರೂಪ 25 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದರೆ ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 9 ಆದರೆ ಸುಮಾರು ಶೇಕಡಾ 36. ಅಮೋನಿಯಾ ಒಂದು ಹನಿಯೂ ಹೆಚ್ಚಾಗದೆ ಅದೇ ನೀರು ವಿಷವಾಗುತ್ತದೆ. ಮಲೆನಾಡಿನ ಕಡೆಯ ನೀರು ಮೆದು ನೀರು, ಲವಣ ಕಡಿಮೆ. ಪಿಎಚ್ ಏರಿಳಿತವನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ಹಾಗಾಗಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಸಣ್ಣ ಕೆರೆಗಳಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಕಾಲ ಕಳೆದಂತೆ ಕಾಂಕ್ರೀಟಿನ ಮೇಲ್ಮೈ ಗಾಳಿ ನೀರಿಗೆ ಪಕ್ವವಾಗಿ ಸುಣ್ಣ ಬಿಡುವುದು ಕಡಿಮೆಯಾಗುತ್ತದೆ. ನಮ್ಮ ಕಡೆ ಸಿಗುವ ಗ್ರಾನೈಟ್ ಜಾತಿಯ ಕಲ್ಲಿಗೆ ಈ ತೊಂದರೆ ಮೊದಲಿಂದಲೂ ಇಲ್ಲ.

ಎರಡನೆಯದು ಒರಟುತನ ಮತ್ತು ಸಂದಿ. ನುಣುಪಾದ ಗೋಡೆಯ ಮೇಲೆ ಪಾಚಿಯ ಪದರ ಬರಬಹುದು, ಆದರೆ ಅದನ್ನು ತಿನ್ನಲು ಬಂದ ಮರಿ ಮೀನಿಗೆ ಅಡಗುವ ಜಾಗ ಇಲ್ಲ. ದೊಡ್ಡ ಮೀನೋ ನೀರುಕಾಗೆಯೋ ಬಂದರೆ ಮುಗಿಯಿತು.

ಮೂರನೆಯದು ಅಲೆ. ಇಳಿಜಾರು ದಡಕ್ಕೆ ಬಂದ ಅಲೆ ಉರುಳಿ ಸುಸ್ತಾಗುತ್ತದೆ. ನೆಟ್ಟನೆ ಗೋಡೆಗೆ ಬಡಿದ ಅಲೆ ಹಾಗೇ ವಾಪಸ್ ಹೋಗುತ್ತದೆ. ಗೋಡೆಯ ಬುಡ ಕೊರೆಯುತ್ತದೆ, ಹೂಳು ಮೇಲೇಳುತ್ತದೆ, ನೀರು ಕದಡಿಯೇ ಇರುತ್ತದೆ. ತಳದ ಗಿಡಕ್ಕೆ ಬೆಳಕು ಸಿಗುವುದಿಲ್ಲ. ಮೊಟ್ಟೆಗಳ ಮೇಲೆ ಮಣ್ಣು ಕೂರುತ್ತದೆ.

ಪಂಚಾಯ್ತಿ_ಸದಸ್ಯೆ

ನಾನು ಗ್ರಾಮ ಪಂಚಾಯ್ತಿ ಸದಸ್ಯೆ, ಬೇರೆ ತಾಲ್ಲೂಕು. ನೀವೆಲ್ಲ ಹೇಳುವುದು ಓದಲು ಸರಿ ಅನ್ನಿಸುತ್ತದೆ. ಆದರೆ ಗೋಡೆ ಕೇಳುವುದು ಯಾರು ಅಂತಲೂ ನೋಡಿ. ಜನರೇ ಕೇಳುತ್ತಾರೆ. ಗೋಡೆ ಇಲ್ಲದಿದ್ದರೆ ಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಒಳಗೆ ಉಳುತ್ತಾ ಬರುತ್ತಾರೆ. ಜೊಂಡು ಬಿಟ್ಟರೆ ಹಾವು ಅನ್ನುತ್ತಾರೆ, ಸೊಳ್ಳೆ ಅನ್ನುತ್ತಾರೆ. ಮಕ್ಕಳು ನೀರಿಗೆ ಬೀಳುತ್ತಾರೆ ಅನ್ನುವ ಭಯ ಬೇರೆ. ಇದಕ್ಕೆ ಉತ್ತರ ಇಲ್ಲದೆ ಗ್ರಾಮಸಭೆಗೆ ಹೋದರೆ ಮಾತು ನಡೆಯುವುದಿಲ್ಲ.

ಸಿವಿಲ್_ನಿವೃತ್ತ

ಮೇಡಂ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಒತ್ತುವರಿಯೇ ಕೆರೆಗಳಿಗೆ ಇರುವ ದೊಡ್ಡ ಕಾಯಿಲೆ.

ಆದರೆ ಗೋಡೆ ಕಟ್ಟುವುದು ಎಲ್ಲಿ? ನೀರಿನ ಅಂಚಿನಲ್ಲಿ. ಕೆರೆಯ ಸರ್ವೆ ಗಡಿ ಅದಕ್ಕಿಂತ ಎಷ್ಟೋ ಆಚೆ ಇರುತ್ತದೆ. ನೀರಂಚಿಗೆ ಗೋಡೆ ಎದ್ದ ದಿನ ಅದರಾಚೆಗಿನ ಕೆರೆ ಅಂಗಳವನ್ನು ನಾವೇ ಬಿಟ್ಟುಕೊಟ್ಟ ಹಾಗೆ. ಹದ್ದುಬಸ್ತು ಮಾಡಿಸಿ, ಸರ್ವೆ ಗಡಿಯಲ್ಲಿ ಕಲ್ಲು ನೆಡಿಸಿ, ಅಲ್ಲಿ ಟ್ರೆಂಚ್ ಹೊಡೆಸಿ, ಹೊಂಗೆ, ನೇರಳೆ, ಹೊಳೆಮತ್ತಿ ಸಾಲು ಹಾಕಿಸಿ. ವಾಕಿಂಗ್ ದಾರಿಯೂ ಅಲ್ಲೇ ಬರಲಿ, ಗ್ರಾವೆಲ್ ಹಾಕಿದ ದಾರಿ ಸಾಕು. ಆದರೆ ಏರಿಯ ಮೇಲೆ ದೊಡ್ಡ ಮರ ಬೇಡ. ಮರ ಸತ್ತು ಬೇರು ಕೊಳೆತರೆ ಅದೇ ಜಾಡಿನಲ್ಲಿ ನೀರು ಸೋರುತ್ತದೆ.

ಮಕ್ಕಳ ವಿಷಯಕ್ಕೆ, ನೆಟ್ಟನೆ ಗೋಡೆಯಿಂದ ಬಿದ್ದರೆ ನೇರ ಆಳಕ್ಕೆ. ಹಿಡಿದು ಹತ್ತಲು ಏನೂ ಇರುವುದಿಲ್ಲ. ಇಳಿಜಾರು ದಡದಲ್ಲಿ ಮೊದಲು ಮೊಣಕಾಲು ನೀರು, ವಾಪಸ್ ಬರಬಹುದು. ದನಕ್ಕೂ ಅಷ್ಟೇ. ದನ ಇಳಿಸಲು, ಬಟ್ಟೆಗೆ, ಗಂಗೆ ಪೂಜೆಗೆ ಒಂದೆರಡು ಕಡೆ ಒರಟು ಕಲ್ಲಿನ ಮೆಟ್ಟಿಲು ಮಾಡಿದರೆ ಸಾಕು.

ಕಾನೂನು ಕೇಳುವವರಿಗೆ: 2017ರ ಕೇಂದ್ರದ ಜೌಗು ಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ನಮ್ಮ ಹೆಚ್ಚಿನ ಕೆರೆಗಳಿಗೆ ಅದು ಅನ್ವಯಿಸುವುದಿಲ್ಲ. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಹಿಡಿದು ಮಾತಾಡಿ. ಒತ್ತುವರಿ, ಕೆರೆಗೆ ಕಟ್ಟಡದ ಕಸ ಸುರಿಯುವುದು ಎಲ್ಲ ಅದರಲ್ಲಿ ಬರುತ್ತದೆ.

ಜೀವಶಾಸ್ತ್ರ_ಮೇಷ್ಟ್ರು

ಸೊಳ್ಳೆ ಬಗ್ಗೆ ಒಂದು ಮಾತು. ಸೊಳ್ಳೆ ಹೆಚ್ಚುವುದು ಅದನ್ನು ತಿನ್ನುವ ಮೀನು, ಹುಳ ಇಲ್ಲದ ನಿಂತ ನೀರಿನಲ್ಲಿ. ಜೊಂಡು ವಿಪರೀತ ಒತ್ತಾಗಿ ಬೆಳೆದು ಮೀನು ಒಳಗೆ ನುಗ್ಗಲಾಗದಿದ್ದರೂ ಸೊಳ್ಳೆ ಬರುತ್ತದೆ, ಅದನ್ನು ಒಪ್ಪಬೇಕು. ಕೆರೆ ತುಂಬ ಜೊಂಡು ಬಿಡಿ ಅಂತ ನಾನು ಹೇಳುತ್ತಿಲ್ಲ. ತುಂಡು ತುಂಡಾಗಿ ಇರಲಿ, ನಡುನಡುವೆ ಬಯಲು ನೀರು ಇರಲಿ. ವರ್ಷಕ್ಕೊಮ್ಮೆ ಒಂದು ಭಾಗ ಕೊಯ್ಯಲಿ, ಹಕ್ಕಿ ಗೂಡು ಕಟ್ಟುವ ಕಾಲ ಬಿಟ್ಟು. ಗುಳುಮುಳುಕ, ಜಂಬುಕೋಳಿ ಗೂಡಿಗೆ ಜೊಂಡು ಬೇಕು.

ಕಾಫಿತೋಟ_ಮೂಡಿಗೆರೆ

ಊರ ಕೆರೆಯ ಮಾತಿನ ನಡುವೆ ತೋಟದ ಕೆರೆ ತರುತ್ತಿದ್ದೇನೆ, ಆದರೂ ಸಂಬಂಧ ಇದೆ. ನಮ್ಮ ಕಡೆ ಪ್ರತಿ ತೋಟದಲ್ಲೂ ಒಂದು ಕೆರೆ ಇರುತ್ತದೆ. ಕಾಫಿ ಹೂವಿಗೆ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲು ಅದೇ ನೀರು. ನಮ್ಮಲ್ಲಿ ಅಜ್ಜನ ಕಾಲದ ಮಣ್ಣಿನ ಕೆರೆ ಒಂದು. ಪಕ್ಕದಲ್ಲೇ ಈಚೆಗೆ ತೆಗೆಸಿದ, ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಇನ್ನೊಂದು. ಮಳೆ ಒಂದೇ, ಮಣ್ಣು ಒಂದೇ, ನೀರು ಬರುವ ಹಳ್ಳವೂ ಒಂದೇ.

ಮಣ್ಣಿನ ಕೆರೆಯಲ್ಲಿ ಮುಂಗಾರು ಶುರುವಾದರೆ ಕಪ್ಪೆ ಸದ್ದಿಗೆ ನಿದ್ದೆ ಬರುವುದಿಲ್ಲ. ಹೊಂಡದಲ್ಲಿ ನೀರು ತಿಳಿಯಾಗಿದೆ, ಸೋರುವುದೂ ಇಲ್ಲ. ಆದರೆ ಅದರ ಬುಡದಲ್ಲಿ ಮಣ್ಣೇ ಇಲ್ಲ, ಬೇರು ಬಿಡಲು ಗಿಡಕ್ಕೆ ದಾರಿ ಇಲ್ಲ. ಕಪ್ಪೆ ಇಳಿದರೆ ಮೇಲೆ ಬರಲಾಗುವುದಿಲ್ಲ. ಕಾಡುಹಂದಿ ಮರಿ, ನಾಯಿ ಜಾರಿ ಬಿದ್ದು ಹತ್ತಲಾಗದೆ ಸತ್ತ ಸುದ್ದಿ ನಮ್ಮ ಸುತ್ತಮುತ್ತ ಕೇಳುತ್ತಲೇ ಇರುತ್ತೇವೆ. ನಾವು ಈಗ ಎರಡು ಮೂಲೆಯಲ್ಲಿ ಹಗ್ಗದ ಬಲೆ ಇಳಿಬಿಟ್ಟಿದ್ದೇವೆ, ಮರದ ಹಲಗೆ ಏಣಿ ಹಾಕಿದ್ದೇವೆ. ಕೃಷಿ ಹೊಂಡ ಮಾಡಿಸಿದವರೆಲ್ಲ ಇಷ್ಟಾದರೂ ಮಾಡಿ, ದಯವಿಟ್ಟು. ಸುತ್ತ ಬೇಲಿ ಹಾಕಿ. ಮನುಷ್ಯರ ಜೀವಕ್ಕೂ ಅದು ಬೇಕು.

ಮರದ ಮಾತು ಬಂತು ಅಂತ ಕೇಳುತ್ತೇನೆ. ಕೆರೆಗೆ ಬಿದ್ದ ಮರ ತೆಗೆಯಬೇಕಾ, ಬಿಡಬೇಕಾ?

ಜೀವಶಾಸ್ತ್ರ_ಮೇಷ್ಟ್ರು

ತೂಬು, ಕೋಡಿಗೆ ಅಡ್ಡ ಇಲ್ಲದಿದ್ದರೆ ಬಿಡಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲಿಟಲ್ ರಾಕ್ ಅನ್ನುವ ಕೆರೆ ಇದೆ. ಅದನ್ನು ಪರದೆ ಹಾಕಿ ಎರಡು ಭಾಗ ಮಾಡಿ, 2002ರಲ್ಲಿ ಒಂದು ಭಾಗದ ದಡದಿಂದ ನೀರಿಗೆ ಬಿದ್ದಿದ್ದ ಮರಗಳಲ್ಲಿ ಹೆಚ್ಚಿನವನ್ನು ತೆಗೆದರು. ಆ ಭಾಗದಲ್ಲಿ ಪರ್ಚ್ ಅನ್ನುವ ಸಣ್ಣ ಮೀನು ಬಹುತೇಕ ಇಲ್ಲದಂತಾಯಿತು. ಅದನ್ನು ತಿನ್ನುವ ಬಾಸ್ ಮೀನಿನ ಬೆಳವಣಿಗೆ ಕುಗ್ಗಿತು. ಯಾವ ವಿಷವನ್ನೂ ಹಾಕಿರಲಿಲ್ಲ, ದಡದ ಮರ ತೆಗೆದಿದ್ದು ಅಷ್ಟೇ. ಅಲ್ಲಿನ ಮೀನು ಬೇರೆ, ನಮ್ಮ ಮೀನು ಬೇರೆ. ಆದರೂ ಅಡಗುತಾಣ ಹೋದರೆ ಏನಾಗುತ್ತದೆ ಅನ್ನುವುದು ಅಲ್ಲಿ ಕಣ್ಣಿಗೆ ಕಂಡಿದೆ.

ಆದರೆ ಗೆದ್ದಲು ಔಷಧಿ ಹೊಡೆದ ಮರ, ಬಣ್ಣ ಬಳಿದ ಮರ, ಹಳೇ ಟೈರು ಇವನ್ನು ದಡಕ್ಕೆ ಹಾಕಲೇಬೇಡಿ. ಮರಕ್ಕೆ ಹೊಡೆಯುವ ತಾಮ್ರ–ಆರ್ಸೆನಿಕ್ ಔಷಧಿ ನೀರಿಗೆ ಬಿಡುತ್ತದೆ. ಟೈರಿನಿಂದ ಬರುವ ಒಂದು ರಾಸಾಯನಿಕವೇ ಅಮೆರಿಕದ ಪಶ್ಚಿಮ ಕರಾವಳಿಯ ತೊರೆಗಳಲ್ಲಿ ಕೋಹೋ ಸಾಲ್ಮನ್ ಮೀನನ್ನು ಕೊಲ್ಲುತ್ತಿದೆ ಅಂತ 2020ರಲ್ಲಿ ಪತ್ತೆಯಾಯಿತು. ನಿಮ್ಮ ತೋಟದವರಿಗೆ ಇನ್ನೊಂದು ಮಾತು. ಬೆಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ಕೆರೆಯಲ್ಲಿ ತೊಳೆಯಬೇಡಿ. ಅದರ ತಾಮ್ರ ಬಸವನಹುಳುವಿಗೂ ಮೀನಿಗೂ ವಿಷ.

ತೆಂಗು_ಅರಸೀಕೆರೆ

ದಡ ಕೊರೆಯುವ ಕಡೆ ತೆಂಗಿನ ನಾರಿನ ಬಲೆ ಹಾಸಿ ನೋಡಿ. ನಮ್ಮ ಅರಸೀಕೆರೆ ಕಡೆ ನಾರಿಗೆ ಬರವಿಲ್ಲ. ನಾರಿನಲ್ಲಿ ಲಿಗ್ನಿನ್ ಅನ್ನುವ ಗಟ್ಟಿ ಅಂಶ ಜಾಸ್ತಿ, ಬೇಗ ಕೊಳೆಯುವುದಿಲ್ಲ. ಕೆಲವು ವರ್ಷ ಮಣ್ಣು ಹಿಡಿದುಕೊಳ್ಳುತ್ತದೆ, ಅಷ್ಟರಲ್ಲಿ ಹುಲ್ಲು ಬೇರು ಬಿಟ್ಟಿರುತ್ತದೆ. ಆಮೇಲೆ ನಾರು ಮಣ್ಣಾಗುತ್ತದೆ, ತೆಗೆಯುವ ಕೆಲಸವೂ ಇಲ್ಲ. ಜೊತೆಗೆ ಲಾವಂಚ ನೆಡಿ. ಅದರ ಬೇರು 3 ಮೀಟರ್‌ವರೆಗೂ ನೇರ ಕೆಳಗೆ ಇಳಿಯುತ್ತದೆ. ನೆನೆಹಾಕದ ಹಸಿ ನಾರು ಮಾತ್ರ ಬೇಡ, ಅದರ ಕಂದು ರಸ ನಿಂತ ನೀರನ್ನು ಕೆಡಿಸುತ್ತದೆ. ತೊಳೆದು ಒಣಗಿಸಿದ ನಾರೇ ಆಗಬೇಕು.

ಹೊಸಬ_ಚಿಕ್ಕಮಗಳೂರು

ತಂತಿ ಬಲೆಯಲ್ಲಿ ಕಲ್ಲು ತುಂಬುತ್ತಾರಲ್ಲ, ಗೇಬಿಯನ್, ಅದು ಹೇಗೆ?

ಸಿವಿಲ್_ನಿವೃತ್ತ

ಹಳ್ಳ ಕೆರೆಗೆ ಸೇರುವ ಜಾಗದಲ್ಲಿ, ನೀರಿನ ರಭಸ ಜಾಸ್ತಿ ಇರುವ ಕಡೆ ಒಳ್ಳೆಯದು. ಕಲ್ಲಿನ ಸಂದಿ ಉಳಿಯುತ್ತದೆ, ಹೂಳು ಕೂತು ಗಿಡವೂ ಬರುತ್ತದೆ. ತಂತಿ ತುಕ್ಕು ಹಿಡಿದು ಹರಿದರೆ ದನದ ಕಾಲಿಗೆ, ಆಮೆಗೆ ಅಪಾಯ. ನೋಡಿಕೊಳ್ಳುವವರು ಇದ್ದರೆ ಮಾತ್ರ ಹಾಕಿ.

ಬಲೆಬುಟ್ಟಿ

ಮೇಷ್ಟ್ರು ಬರೆದದ್ದನ್ನು ಸಂಘದ ಹಿರಿಯರಿಗೆ ಓದಿ ಹೇಳಿದೆ. ಅವರು ಹೇಳಿದ ಒಂದು ಮಾತು ಇಲ್ಲಿ ಸೇರಿಸಬೇಕು. ಮೊದಲ ಮಳೆಗೆ ಮೀನು ಕೆರೆಯಿಂದ ಮೇಲೆ ಹತ್ತುತ್ತಿತ್ತು, ಹಳ್ಳದ ಬಾಯಿಗೆ, ಗದ್ದೆಗೆ. ಮಲೆನಾಡಿನಲ್ಲಿ ಹತ್ತುಮೀನು ಅನ್ನುತ್ತಾರೆ, ಕೂಣಿ ಇಟ್ಟು ಹಿಡಿಯುತ್ತಿದ್ದರು. ಹೊಸದಾಗಿ ನೀರು ಏರಿದ ಹುಲ್ಲಿನಲ್ಲಿ ಅವು ಮೊಟ್ಟೆ ಇಡುತ್ತಿದ್ದವು. ಗೋಡೆ ಬಂದ ಕೆರೆಯಲ್ಲಿ ಹಳ್ಳದ ಬಾಯಿಗೂ ಕಾಂಕ್ರೀಟ್ ಮೆಟ್ಟಿಲು ಹಾಕಿದ್ದಾರೆ, ಮೀನು ಹತ್ತುವುದಿಲ್ಲ. ಕಾಟ್ಲಾ ಮಾರಿದ ದುಡ್ಡು ಸಂಘಕ್ಕೆ, ಗುತ್ತಿಗೆಗೆ ಹೋಗುತ್ತದೆ. ಸಸಲು, ಏಡಿ, ಚೇಳು ಮೀನು ಬಡವರ ಮನೆ ಸಾರಿಗೆ ಹೋಗುತ್ತಿತ್ತು. ಕಳೆದುಕೊಂಡವರು ಅವರು. ನಮ್ಮ ಸಂಘದಿಂದ ನಿಮ್ಮ ಮನವಿಗೆ ಸಹಿ ಹಾಕುತ್ತೇವೆ ಅಣ್ಣ.

ಕೆರೆಬದಿ_ಹಾಸನ

ಎಲ್ಲರಿಗೂ ಕೈ ಮುಗಿಯುತ್ತೇನೆ. ಗ್ರಾಮಸಭೆಗೆ ಬರೆದುಕೊಂಡಿದ್ದು ಹೀಗಿದೆ: ಏರಿಗೆ ಗಾರೆಯಿಲ್ಲದ ಕಲ್ಲು ಕಟ್ಟಣೆ. ಉಳಿದ ಮೂರು ಕಡೆ ಗೋಡೆ ಕೈಬಿಡುವುದು. ಸರ್ವೆ ಗಡಿಗೆ ಟ್ರೆಂಚ್ ಮತ್ತು ಗಿಡ. ಹಳ್ಳದ ಬಾಯಿಗೆ ಮೆಟ್ಟಿಲಿನ ಬದಲು ಇಳಿಜಾರು. ಸಿವಿಲ್ ಸರ್, ಗೋಡೆ ಬಿಟ್ಟರೆ ಮಂಜೂರಾದ ಹಣ ವಾಪಸ್ ಹೋಗುತ್ತದೆ ಅಂತ ಹೆದರಿಸುತ್ತಿದ್ದಾರೆ. ಇದಕ್ಕೆ ಏನು ಹೇಳಲಿ?

ಸಿವಿಲ್_ನಿವೃತ್ತ

ಕೆಲಸ ರದ್ದು ಮಾಡಿ ಅಂತ ಕೇಳಬೇಡಿ. ಅದೇ ಮೊತ್ತದೊಳಗೆ ಪರಿಷ್ಕೃತ ಅಂದಾಜು ಪಟ್ಟಿ ಮಾಡಿ ಅಂತ ಕೇಳಿ, ಗ್ರಾಮಸಭೆ ನಿರ್ಣಯದ ನಕಲು ಜೊತೆಗಿಡಿ. ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯ ಪಾಲು ಇದ್ದರೆ, ಸಾಮಗ್ರಿಗಿಂತ ಕೂಲಿಗೆ ಒತ್ತು ಇರಬೇಕು ಅನ್ನುವುದನ್ನು ತೋರಿಸಿ. ಕಾಂಕ್ರೀಟ್ ಗೋಡೆ ಪೂರ್ತಿ ಸಾಮಗ್ರಿಯ ಕೆಲಸ. ಕಲ್ಲು ಜೋಡಿಸುವುದು, ಟ್ರೆಂಚ್, ಲಾವಂಚ ನೆಡುವುದು ಊರಿನವರ ಕೈಗೆ ಕೂಲಿ ಕೊಡುವ ಕೆಲಸ.

ಪಟ್ಟಿಯಲ್ಲಿ ಎರಡು ಸಾಲು ಬಿಡದೆ ಬರೆಸಿ. ಒಂದು, ಕಲ್ಲಿನ ಕೆಳಗೆ ಜಲ್ಲಿ ಮರಳಿನ ಹಾಸು. ಕಣ್ಣಿಗೆ ಕಾಣದ್ದರಿಂದ ಮೊದಲು ಬಿಟ್ಟುಹೋಗುವುದು ಅದೇ. ಇನ್ನೊಂದು, ತೂಬಿಗೆ ಅನಿವಾರ್ಯವಾಗಿ ಕಾಂಕ್ರೀಟ್ ಹಾಕುವಾಗ ಆ ಭಾಗಕ್ಕೆ ಮಣ್ಣಿನ ತಾತ್ಕಾಲಿಕ ಅಡ್ಡಕಟ್ಟೆ. ಕ್ಯೂರಿಂಗ್ ಮುಗಿಯುವವರೆಗೆ ಆ ನೀರು ಕೆರೆಗೆ ಸೇರಬಾರದು. ಪಟ್ಟಿಯ ಫೋಟೋ ಇಲ್ಲಿ ಹಾಕಿ, ಸಾಲು ಸಾಲಾಗಿ ನೋಡಿ ತಿದ್ದಿಕೊಡುತ್ತೇನೆ.